ಕಾಲರ್ ಮೈಕು ಮತ್ತು ನನ್ನ ಪಾಲಿನ ಅಡುಗೆ

ಅರ್ಥಶಾಸ್ತ್ರದ ಉಪನ್ಯಾಸಕನಾದ ನಾನು ಹಲವು ವಿಷಯಗಳ ಬಗ್ಗೆ ಅಧಿಕಾರವಾಣಿಯಿಂದ ಮಾತಾಡಿದ್ದೇನೆ. ಬೆಲೆಯೇರಿಕೆಯ ಬಗ್ಗೆ ಮಾತಾಡಿದ್ದೇನೆ, ಅದು ಇಳಿದಿಲ್ಲ. ನಿರುದ್ಯೋಗದ ಬಗ್ಗೆ ಮಾತಾಡಿದ್ದೇನೆ, ಅದೂ ಹೋಗಿಲ್ಲ. ಯಾರೂ ನನ್ನ ಕೊರಳಪಟ್ಟಿ ಹಿಡಿದು ಕೇಳಿರಲಿಲ್ಲ. ಆ ಧೈರ್ಯದಲ್ಲೇ ಒಂದು ದಿನ ರಾಯಚೂರಿನ ನಮ್ಮ ಕ್ಯಾಂಪಸ್ಸಿನಲ್ಲಿ ಪತ್ರಿಕೋದ್ಯಮದ ವಿದ್ಯಾರ್ಥಿಗಳಿಗೆ ‘ಸಂಬಳವಿಲ್ಲದ ಮನೆಗೆಲಸ’ ಎಂಬ ವಿಷಯದ ಮೇಲೆ ವಿಶೇಷ ಉಪನ್ಯಾಸ ಕೊಟ್ಟೆ. ಉಪನ್ಯಾಸ ಚೆನ್ನಾಗಿತ್ತು. ಆದರೆ ಬಿದ್ದ ಚಪ್ಪಾಳೆ ಯಾಕೋ ಸಾಲದು ಅನ್ನಿಸಿ ಕೊನೆಗೊಂದು ಮಾತು ಸೇರಿಸಿದೆ.

“ನಮ್ಮ ಮನ್ಯಾಗ ನಾನೂ ನಮ್ಮ ಮನಿಯವರೂ ಇಬ್ಬರೂ ನೌಕರಿ ಮಾಡ್ತೀವಿ. ಹಂಗಾಗಿ ಅಡಿಗಿ ಕೆಲಸಾನೂ ಅರ್ಧಾ ಅರ್ಧಾ!”

ಈ ಸಲ ಚಪ್ಪಾಳೆ ಜೋರಾಗಿ ಬಿತ್ತು. ಅದರ ಜೊತೆಗೆ ನಾನೂ ಬಿದ್ದೆ. ಸದ್ದು ಮಾತ್ರ ಆಮೇಲೆ ಕೇಳಿಸಿತು.

ಮರುದಿನ ರೇಣುಕಾ ಎಂಬ ವಿದ್ಯಾರ್ಥಿನಿ ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದಳು. ದೇವದುರ್ಗದ ಕಡೆಯ ಅರಕೇರಾದ ಹುಡುಗಿ. ಮಾತು ಕಡಿಮೆ, ಕಣ್ಣು ಚುರುಕು. ಕ್ಯಾಂಪಸ್ಸಿನಲ್ಲಿ ಕಿರುಚಿತ್ರ ಮತ್ತು ಸಾಕ್ಷ್ಯಚಿತ್ರಗಳ ಉತ್ಸವ ಹತ್ತಿರ ಬಂದಿತ್ತು. ಅದಕ್ಕೆ ಅವಳೊಂದು ಸಾಕ್ಷ್ಯಚಿತ್ರ ಮಾಡಬೇಕಂತೆ. ಗಂಡ ಹೆಂಡತಿ ಇಬ್ಬರೂ ದುಡಿಯುವ ಮನೆಯಲ್ಲಿ ಮುಂಜಾನೆ ಹೇಗಿರುತ್ತದೆ ಎಂಬುದು ವಿಷಯ.

“ಸರ್, ಎಲ್ಲಾ ಕಡೆ ಹುಡುಕಿದೆರಿ. ಅರ್ಧಾ ಅರ್ಧಾ ಕೆಲಸ ಮಾಡೋ ಮನಿ ನಿಮ್ಮದೊಂದೇ ಸಿಕ್ಕದರಿ” ಎಂದಳು.

ನಾನು ತಲೆಯನ್ನು ಸ್ವಲ್ಪ ಓರೆ ಮಾಡಿ, ಮಹಾಪುರುಷರು ಸಮ್ಮತಿ ಕೊಡುವ ರೀತಿಯಲ್ಲಿ ಸಮ್ಮತಿ ಕೊಟ್ಟೆ.

ಮನೆಗೆ ಬಂದು ಹೆಂಡತಿ ಸುಮಂಗಲಾಗೆ ಈ ಶುಭವಾರ್ತೆ ತಿಳಿಸಿದೆ. ಅವಳು ಯಾಪಲದಿನ್ನಿಯ ಶಾಲೆಯಲ್ಲಿ ಶಿಕ್ಷಕಿ. ದಿನಾ ಮುಂಜಾನೆ ಬಸ್ಸು ಹಿಡಿದು ಹೋಗುತ್ತಾಳೆ. ಕೊತ್ತಂಬರಿ ಸೋಸುತ್ತಿದ್ದವಳು ಕೈ ನಿಲ್ಲಿಸಿ ನನ್ನನ್ನೇ ನೋಡಿದಳು.

“ಅರ್ಧಾ ಅಂದ್ರ ಯಾವ ಅರ್ಧಾರೀ? ಉಣ್ಣೋ ಅರ್ಧಾನಾ?”

“ಒಂದು ಮುಂಜಾನಿ ಮಾತು ಸುಮಾ. ಕ್ಯಾಮೆರಾ ಬಂದಾಗ ನೀ ಸ್ವಲ್ಪ ಸುಮ್ಮನ ಇರು. ನಾ ಎಲ್ಲಾ ನೋಡ್ಕೋತೀನಿ.”

“ನಾ ಸುಮ್ಮನ ಇರ್ತೀನಿ. ಆದ್ರ ನಿಮ್ಮ ಪರವಾಗಿ ಒಂದು ಸುಳ್ಳೂ ಹೇಳಂಗಿಲ್ಲ, ನೋಡ್ರಿ ಮತ್ತ.”

ಅವಳು ಮಾತಿಗೆ ತಪ್ಪುವವಳಲ್ಲ. ನನ್ನ ಕಷ್ಟಗಳೆಲ್ಲ ಶುರುವಾಗಿದ್ದೇ ಅಲ್ಲಿಂದ.

ಚಿತ್ರೀಕರಣದ ದಿನ ರೇಣುಕಾ ಮತ್ತು ಕ್ಯಾಮೆರಾ ಹಿಡಿಯುವ ಖಾಜಾ ಎಂಬ ಹುಡುಗ ಬೆಳಿಗ್ಗೆ ಬೇಗನೆ ಬಂದರು. ನಾನು ಸ್ನಾನ ಮುಗಿಸಿ, ಇಸ್ತ್ರಿ ಮಾಡಿದ ಅಂಗಿ ತೊಟ್ಟು, ಹೆಗಲ ಮೇಲೊಂದು ಟವೆಲ್ ಹಾಕಿಕೊಂಡು ಸಿದ್ಧನಾಗಿದ್ದೆ. ಅಡುಗೆ ಮಾಡುವ ಗಂಡಸರು ಟವೆಲ್ ಹಾಕಿಕೊಳ್ಳುತ್ತಾರೆಂದು ಎಲ್ಲೋ ನೋಡಿದ ನೆನಪು. ಖಾಜಾ ನನ್ನ ಕಾಲರಿಗೆ ಉದ್ದಿನಕಾಳಿನಷ್ಟು ಸಣ್ಣ, ತಂತಿಯಿಲ್ಲದ ಮೈಕೊಂದನ್ನು ಸಿಕ್ಕಿಸಿದ. ಇಷ್ಟು ಸಣ್ಣದಕ್ಕೆ ಏನು ಕೇಳಿಸೀತು ಎಂದುಕೊಂಡೆ.

“ಸರ್, ದಿನಾ ಹೆಂಗ ಮಾಡ್ತೀರಿ ಹಂಗ ಮಾಡ್ರಿ” ಎಂದಳು ರೇಣುಕಾ.

ದಿನಾ ಮಾಡುವಂತೆ ಮಾಡಿದ್ದರೆ ನಾನು ಪೇಪರ್ ಓದುತ್ತಾ ಕೂತಿರಬೇಕಿತ್ತು!

ಗಂಭೀರವಾಗಿ ಅಡುಗೆಮನೆ ಪ್ರವೇಶಿಸಿದೆ. ಮೊದಲು ಚಹಾ. ಗೂಡಿನಲ್ಲಿ ಒಂದೇ ಥರದ ಸ್ಟೀಲ್ ಡಬ್ಬಿಗಳು ಸಾಲಾಗಿ ಮಿಂಚುತ್ತಿದ್ದವು. ಒಂದರ ಮೇಲೂ ಹೆಸರಿಲ್ಲ! ಮೊದಲನೆಯದು ತೆರೆದೆ, ತೊಗರಿಬೇಳೆ. ಬೇಳೆಯನ್ನೇ ಹುಡುಕುತ್ತಿದ್ದವನಂತೆ ತಲೆಯಾಡಿಸಿ ಮುಚ್ಚಿದೆ. ಎರಡನೆಯದು ಶೇಂಗಾ. ನಾಲ್ಕು ಕಾಳು ಬಾಯಿಗೆ ಹಾಕಿಕೊಂಡು, ಅದಕ್ಕೇ ತೆರೆದೆನೆಂಬಂತೆ ನಟಿಸಿದೆ. ಮೂರನೆಯದರಲ್ಲಿ ಸುಮಂಗಲಾಳ ಬಳೆಗಳಿದ್ದವು. ಅಡುಗೆಮನೆಯಲ್ಲಿ ಬಳೆಗಳಿಗೇನು ಕೆಲಸ ಎಂದು ಕೇಳುವ ಸಮಯ ಅದಲ್ಲ.

ಪಲ್ಯ ಬಾಡಿಸುತ್ತಿದ್ದ ಹೆಂಡತಿಯ ಹತ್ತಿರ ಸರಿದು, ತುಟಿ ಅಲುಗಾಡದಂತೆ ಪಿಸುಗುಟ್ಟಿದೆ. “ಸುಮಾ, ಚಾಪುಡಿ ಎಲ್ಲದ?”

ಅವಳೂ ಪಿಸುಮಾತಿನಲ್ಲೇ ಹೇಳಿದಳು. “ನಿಮ್ಮ ಅರ್ಧದಾಗ ನೋಡ್ರಿ.”

ಕೊನೆಗೆ ಒಂದು ಡಬ್ಬಿಯಲ್ಲಿ ಕಪ್ಪಗಿನ ಪುಡಿ ಸಿಕ್ಕಿತು. ಧಾರಾಳವಾಗಿ ಹಾಕಿದೆ. ಕುದಿಯತೊಡಗಿದಾಗ ಬಂದ ವಾಸನೆ ಪರಿಚಿತವಾಗಿತ್ತು, ಆದರೆ ಚಹಾದ ಕಡೆಯಿಂದ ಪರಿಚಿತವಾಗಿರಲಿಲ್ಲ. ಹಾಲು ಒಡೆಯಿತು. ಇರುವುದನ್ನು ಸೋಸಿ, ನಗುತ್ತಾ ಖಾಜಾನ ಕೈಗೆ ಕಪ್ಪು ಕೊಟ್ಟೆ. ಅವನು ಒಂದು ಗುಟುಕು ಕುಡಿದ. ಕ್ಯಾಮೆರಾ ನಡುಗಿತು.

“ಸರ್, ಇದು... ಕಷಾಯ ಏನ್ರಿ?”

“ಮಸಾಲಾ ಚಾ” ಎಂದೆ. “ನಮ್ಮ ಮನಿ ಸ್ಪೆಷಲ್!”

ಸುಮಂಗಲಾ ಡಬ್ಬಿಯನ್ನು ಎತ್ತಿ ಒಳಗೆ ನೋಡಿದಳು. ಮುಚ್ಚಿ ಗೂಡಿಗಿಟ್ಟಳು. ಅದು ಬೆಳ್ಳುಳ್ಳಿ, ಒಣಮೆಣಸಿನಕಾಯಿ ಹಾಕಿ ಕುಟ್ಟಿದ ಗುರೆಳ್ಳು ಚಟ್ನಿಪುಡಿ ಎಂದು ನನಗೆ ಆಮೇಲೆ ತಿಳಿಯಿತು.

ಇಲ್ಲಿಗೆ ನಿಲ್ಲಿಸಬಹುದಿತ್ತು. ಆದರೆ ಸೋತ ಜೂಜುಗಾರನಂತೆ ನಾನು ರೊಟ್ಟಿಗೆ ಕೈ ಹಾಕಿದೆ. ಜೋಳದ ಹಿಟ್ಟಿಗೆ ಬಿಸಿನೀರು ಬೇಕು ಎಂಬ ಸಂಗತಿ ಯಾವ ಅರ್ಥಶಾಸ್ತ್ರದ ಪುಸ್ತಕದಲ್ಲೂ ಇಲ್ಲ. ತಣ್ಣೀರು ಸುರಿದೆ. ಬಡಿಯತೊಡಗಿದಾಗ ರೊಟ್ಟಿ ಮೊದಲು ಬಿರುಕು ಬಿಟ್ಟಿತು, ಆಮೇಲೆ ಪಾಲಾಯಿತು. ಒಂದು ಪಾಲು ಕಲ್ಲಿಗೆ, ಒಂದು ಪಾಲು ನನ್ನ ಅಂಗೈಗೆ, ಒಂದು ಪಾಲು ಹೇಗೋ ನನ್ನ ಕನ್ನಡಕಕ್ಕೆ. ಬಡಿತದ ಸದ್ದಿಗೆ ಪಕ್ಕದ ಮನೆಯ ಪಾರ್ವತೆಮ್ಮ ಓಡಿ ಬಂದರು. ಬಾಗಿಲಲ್ಲಿ ನಿಂತು ನನ್ನನ್ನು ಕಂಡವರೇ ಎದೆ ಮೇಲೆ ಕೈಯಿಟ್ಟುಕೊಂಡರು.

“ಯವ್ವಾ! ಸರ್ ಅಡಿಗಿ ಮನ್ಯಾಗ ಅದಾರಲ್ಲ! ಸುಮಕ್ಕಗ ಏನಾತ್ರೀ? ದವಾಖಾನ್ಯಾಗ ಇಟ್ಟೀರೇನು?”

“ಇಲ್ಲೇ ಅದೀನಿ ಬರ್ರಿ ಪಾರಕ್ಕ” ಎಂದಳು ಸುಮಂಗಲಾ ಮೂಲೆಯಿಂದ. “ಸಿನಿಮಾ ತೆಗ್ಯಾಕತ್ತಾರ.”

“ಹಂಗಂದ್ರ ಸರಿ ಬಿಡ್ರಿ. ನಾ ಹೆದರಿಬಿಟ್ಟಿದ್ದೆ” ಎಂದು ಅವರು ನೆಮ್ಮದಿಯಿಂದ ಹೊರಟುಹೋದರು.

ಖಾಜಾ ಕ್ಯಾಮೆರಾ ಇಳಿಸಲಿಲ್ಲ. ನಾನು ಕೈ ತೊಳೆದು, “ಇಷ್ಟು ಸಾಕಲ್ಲ?” ಎಂದು ಅವರ ಉತ್ತರಕ್ಕೂ ಕಾಯದೆ ಹಿತ್ತಲಿಗೆ ಹೋದೆ. ಅಲ್ಲಿಂದ ಮಾನ್ವಿಯಲ್ಲಿರುವ ನನ್ನ ಹೆಂಡತಿಯ ಅಣ್ಣ ವೀರೇಶನಿಗೆ ಫೋನು ಹಚ್ಚಿದೆ.

“ಏ ವೀರೇಶ, ಹುಡುಗರಿಗೆ ಭಾರೀ ಟೋಪಿ ಹಾಕೀನಿ ನೋಡು! ಆದರ್ಶ ಗಂಡ ಅಂತ ನನ್ನ ಸಿನಿಮಾ ಮಾಡಾಕತ್ತಾರ. ಒಂದು ಮುಂಜಾನಿಗೇ ಸೊಂಟ ಬಿದ್ದೋತು ಮಾರಾಯಾ. ನಿನ್ನ ತಂಗಿ ದಿನಾ ಹೆಂಗ ಮಾಡ್ತಾಳೋ ಏನೋ. ನನಗಂತೂ ಇನ್ನ ಒಂದು ವರ್ಷ ಆ ಕಡೆ ತಲಿ ಹಾಕೋದು ಬ್ಯಾಡ!”

ಬಹಳ ಹೊತ್ತು ನಗುತ್ತಾ ಮಾತಾಡಿದೆ. ಒಳಗೆ ಬಂದಾಗ ಸುಮಂಗಲಾ ಬಸ್ಸಿಗೆ ಹೋಗಿಯಾಗಿತ್ತು. ಖಾಜಾ ನೆಲ ನೋಡುತ್ತಾ ನನ್ನ ಕಾಲರಿನಿಂದ ಮೈಕು ಬಿಚ್ಚಿಕೊಂಡ.

“ಸರ್, ಇದು ಚಾಲೂನೇ ಇತ್ರಿ.”

ಪಾಪ, ಬ್ಯಾಟರಿಯ ಚಿಂತೆ ಇರಬೇಕು ಎಂದುಕೊಂಡೆ. “ಇರ್ಲಿ ಬಿಡೋ, ಚಾಲೂ ಇದ್ರ ಏನಾತು!” ಎಂದು ಅವನ ಬೆನ್ನು ತಟ್ಟಿದೆ.

ಚಿತ್ರ ಸಿದ್ಧವಾದ ಮೇಲೆ ರೇಣುಕಾ ಲ್ಯಾಪ್‌ಟಾಪ್ ಹಿಡಿದುಕೊಂಡು ಮನೆಗೇ ಬಂದಳು. “ಸರ್, ತೋರಿಸೋದಕ್ಕಿಂತ ಮೊದಲ ನೀವು ಒಮ್ಮೆ ನೋಡ್ರಿ. ಬ್ಯಾಡ ಅಂದದ್ದು ತೆಗೀತೀನಿ” ಎಂದಳು. ನಾನು ಕಲಾವಿದರ ಸ್ವಾತಂತ್ರ್ಯದ ಬಗ್ಗೆ ಒಂದು ಸಣ್ಣ ಭಾಷಣ ಮಾಡಿ, “ನೋಡೋದೇನದ? ಹಂಗೇ ಹಾಕ್ರಿ ಪರದೆ ಮ್ಯಾಲ!” ಎಂದೆ. ಅವಳು ಮತ್ತೆ ಮತ್ತೆ ಒತ್ತಾಯಿಸಿದಳು. ನಾನು ಮತ್ತೆ ಮತ್ತೆ ದೊಡ್ಡವನಾದೆ. ಕೊನೆಗೆ ಅವಳು ಒಳಗೆ ಹೋಗಿ ಸುಮಂಗಲಾಗೆ ತೋರಿಸಿದಳು.

“ಹೆಂಗದ?” ಎಂದು ಹೆಂಡತಿಯನ್ನು ಕೇಳಿದೆ.

“ಛಲೋ ಅದ. ಇದ್ದದ್ದು ಇದ್ದಂಗ ಬಂದದ.”

ಇದಕ್ಕಿಂತ ದೊಡ್ಡ ಪ್ರಮಾಣಪತ್ರ ಬೇಕೇ? ಪ್ರಾಂಶುಪಾಲರಿಗೆ ಆಹ್ವಾನ ಕೊಟ್ಟೆ. ಸಹೋದ್ಯೋಗಿಗಳಿಗೆ ಹೇಳಿದೆ. ಉತ್ಸವದ ದಿನ ವೀರೇಶ ಮಾನ್ವಿಯಿಂದ ನನ್ನ ಮಾವನವರನ್ನೂ ಕರೆದುಕೊಂಡು ಬಂದ. ಶಕ್ತಿನಗರದಲ್ಲಿ ಎಂಜಿನಿಯರ್ ಆಗಿರುವ ಗೆಳೆಯ ರಜೆ ಹಾಕಿ ಬಂದ. ಪಾರ್ವತೆಮ್ಮನವರಂತೂ ತಾವೂ ಪರದೆ ಮೇಲೆ ಬರುತ್ತೇವೆಂದು ರೇಷ್ಮೆ ಸೀರೆ ಉಟ್ಟು ಬಂದರು. ಎಲ್ಲರನ್ನೂ ನಾನೇ ಮುಂದಿನ ಸಾಲಿನಲ್ಲಿ ಕೂರಿಸಿದೆ. ಮರಣದಂಡನೆಗೆ ಗುರಿಯಾದವನು ತಾನೇ ಓಡಾಡಿ ಜನ ಸೇರಿಸಿದ್ದು ಬಹುಶಃ ಇದೇ ಮೊದಲು.

ಸಭಾಂಗಣ ತುಂಬಿತ್ತು. ದೀಪ ಆರಿತು. ಪರದೆಯ ಮೇಲೆ ನಾನು! ಇಸ್ತ್ರಿ ಅಂಗಿ, ಹೆಗಲ ಮೇಲೆ ಟವೆಲ್. “ಅಡಿಗಿ ಅನ್ನೋದು ನನಗ ನೀರು ಕುಡಿದಂಗ” ಎಂದೆ ಪರದೆಯಲ್ಲಿ. ಮಾವನವರು ಮೆಚ್ಚುಗೆಯಿಂದ ನನ್ನ ಕಡೆ ತಿರುಗಿದರು.

ಮರುಕ್ಷಣ, ಇಡೀ ಸಭಾಂಗಣದ ಗೋಡೆಗಳಿಂದ ನನ್ನ ಪಿಸುಮಾತು ಗುಡುಗಿತು. “ಸುಮಾ, ಚಾಪುಡಿ ಎಲ್ಲದ?”

ನಗು ಹಿಂದಿನ ಸಾಲಿನಿಂದ ಶುರುವಾಗಿ ಮುಂದಿನ ಸಾಲಿಗೆ ಬಂತು. ಡಬ್ಬಿ ತೆರೆದಾಗಲೊಮ್ಮೆ ನಗು. ಖಾಜಾ ಚಹಾ ಕುಡಿದಾಗ ಶಿಳ್ಳೆ. ಪಾರ್ವತೆಮ್ಮ ದವಾಖಾನೆ ಎಂದಾಗ ಪ್ರಾಂಶುಪಾಲರು ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಪಾರ್ವತೆಮ್ಮ ಎದ್ದು ನಿಂತು ಎಲ್ಲರಿಗೂ ಕೈಮುಗಿದರು! ನಾನು ಕುರ್ಚಿಯಲ್ಲಿ ಇಳಿಯುತ್ತಾ ಇಳಿಯುತ್ತಾ ಹೋದೆ. ಇನ್ನು ಸ್ವಲ್ಪ ಇಳಿದಿದ್ದರೆ ನೆಲದ ಮೇಲೆ ಇರುತ್ತಿದ್ದೆ.

ಆಮೇಲೆ ಆ ಫೋನು. ಹಿತ್ತಲಲ್ಲಿ ನಾನು ಆಡಿದ ಮಾತು ಒಂದೂ ಬಿಡದೆ ಕೇಳಿಸುತ್ತಿತ್ತು. ಆದರೆ ಪರದೆಯ ಮೇಲೆ ನಾನಿರಲಿಲ್ಲ. ಸುಮಂಗಲಾ ಇದ್ದಳು. ನಾನು ಚೆಲ್ಲಿದ ಹಿಟ್ಟು ಬಳಿದಳು. ನಾನು ಚಹಾ ಕುದಿಸಿದ ಪಾತ್ರೆ ತಿಕ್ಕಿದಳು. ಹೊಸದಾಗಿ ಹಿಟ್ಟು ನಾದಿ ರೊಟ್ಟಿ ಬಡಿದು, ನನ್ನ ಊಟದ ಡಬ್ಬಿ ಕಟ್ಟಿಟ್ಟಳು. ಗಡಿಯಾರ ನೋಡಿ, ತನ್ನ ತಾಟನ್ನು ಹಾಗೇ ಮುಚ್ಚಿಟ್ಟು, ಚೀಲ ಎತ್ತಿಕೊಂಡು ಓಣಿಯುದ್ದಕ್ಕೂ ಬಿರಬಿರನೆ ನಡೆದಳು. ಕ್ಯಾಮೆರಾ ಅವಳ ಹಿಂದೆ ಓಡಬೇಕಾಯಿತು. ಹಿನ್ನೆಲೆಯಲ್ಲಿ ನಾನು ನಗುತ್ತಲೇ ಇದ್ದೆ. ಸಭಾಂಗಣದಲ್ಲಿ ಮಾತ್ರ ಯಾರೂ ನಗಲಿಲ್ಲ.

ಪಕ್ಕದಲ್ಲಿ ಕೂತಿದ್ದ ಸುಮಂಗಲಾ ಪರದೆಯಿಂದ ಕಣ್ಣು ತೆಗೆಯದೆ ಮೆಲ್ಲಗೆ ಕೇಳಿದಳು. “ನಾ ಇಷ್ಟು ಜೋರು ನಡೀತೀನೇನ್ರಿ?”

ನಾನೂ ಅದನ್ನು ನೋಡಿದ್ದು ಅದೇ ಮೊದಲು.

ದೀಪ ಹತ್ತಿದ ಮೇಲೆ ಓಡಿಹೋಗಲು ಬಾಗಿಲು ಹುಡುಕುತ್ತಿದ್ದೆ. ಅಷ್ಟರಲ್ಲಿ ಮೈಸೂರಿನ ಕಡೆಯಿಂದ ಬಂದಿದ್ದ ತೀರ್ಪುಗಾರರು ಮೈಕು ಹಿಡಿದರು.

“ಚಿತ್ರ ಚೆನ್ನಾಗಿದೆ. ಆದರೆ ಇದು ಸಾಕ್ಷ್ಯಚಿತ್ರವಲ್ಲ. ಈ ಹಾಸ್ಯ ಬರೆದು ಮಾಡಿಸಿದ್ದು. ಆ ಗಂಡನ ಪಾತ್ರಧಾರಿ ಯಾರೋ ಗೊತ್ತಿಲ್ಲ, ಬಹಳ ಪಳಗಿದ ನಟ. ಇದನ್ನು ಸಾಕ್ಷ್ಯಚಿತ್ರಗಳ ಸ್ಪರ್ಧೆಯಿಂದ ಕೈಬಿಡಬೇಕಾಗುತ್ತದೆ.”

ರೇಣುಕಾ ಎದ್ದು ನಿಂತಳು. “ಇಲ್ರಿ ಸರ್, ಎಲ್ಲಾ ಖರೇ ಅದರಿ. ನಾ ಏನೂ ಹೇಳಿಕೊಟ್ಟಿಲ್ರಿ.”

“ಪದವಿ ಪಡೆದ ಮನುಷ್ಯನಿಗೆ ತನ್ನ ಮನೆಯ ಚಹಾಪುಡಿ ಗೊತ್ತಿರುವುದಿಲ್ಲ ಅಂದರೆ ಹೇಗಮ್ಮ ನಂಬುವುದು?”

ಎಂಥ ಸಂಕಟ ನೋಡಿ! ನಾನು ಸುಮ್ಮನಿದ್ದರೆ ಪಳಗಿದ ನಟನಾಗಿ ತಲೆಯೆತ್ತಿ ಮನೆಗೆ ಹೋಗಬಹುದಿತ್ತು. ಪ್ರಾಂಶುಪಾಲರೂ ಆಗಲೇ “ಓಹೋ, ನಟನೆ ಏನು?” ಎಂಬಂತೆ ನನ್ನ ಕಡೆ ಗೌರವದಿಂದ ನೋಡುತ್ತಿದ್ದರು. ಹುಡುಗಿಯ ಚಿತ್ರ ಮಾತ್ರ ಮುಳುಗುತ್ತಿತ್ತು. ಅವಳ ಕೈ ಕುರ್ಚಿಯ ಹಿಂಬದಿಯನ್ನು ಗಟ್ಟಿಯಾಗಿ ಹಿಡಿದಿತ್ತು.

ಎದ್ದೆ. ನನ್ನ ಕಾಲುಗಳು ನನ್ನನ್ನು ಕೇಳದೆಯೇ ವೇದಿಕೆ ಹತ್ತಿದವು.

“ಸರ್, ಆ ಗಂಡ ನಾನೇ. ನನಗ ನಟನೆ ಬರಂಗಿಲ್ಲ. ಅಡಿಗಿ ಬರ್ತದ ಅಂತ ನಟನೆ ಮಾಡಾಕ ಹೋಗಿದ್ದೆ, ಅದೂ ಬರಲಿಲ್ಲ. ನೀವು ನೋಡಿದ್ದೆಲ್ಲಾ ಖರೇ.”

ತೀರ್ಪುಗಾರರು ನನ್ನನ್ನು ಅಡಿಯಿಂದ ಮುಡಿಯವರೆಗೆ ಪರೀಕ್ಷಿಸಿದರು. “ಹಾಗಾದರೆ ಹೇಳಿ, ನಿಮ್ಮ ಮನೆಯಲ್ಲಿ ಉಪ್ಪು ಎಲ್ಲಿರುತ್ತದೆ?”

ನಾನು ಸುಮಂಗಲಾಳ ಕಡೆ ನೋಡಿದೆ. ಅವಳು ಫ್ಯಾನು ನೋಡುತ್ತಿದ್ದಳು. ಬಹಳ ಯೋಚಿಸಿ ಹೇಳಿದೆ.

“ಅಡಿಗಿ ಮನ್ಯಾಗ.”

ಸಭಾಂಗಣ ಎದ್ದು ಕುಣಿಯಿತು! ತೀರ್ಪುಗಾರರೂ ನಗುತ್ತಾ ಕೈ ಎತ್ತಿದರು. “ಸಾಕು, ಸಾಕು. ಇದು ಸಾಕ್ಷ್ಯಚಿತ್ರವೇ!”

ಸಂಜೆ ರೇಣುಕಾಗೆ ಉತ್ತಮ ಸಾಕ್ಷ್ಯಚಿತ್ರದ ಬಹುಮಾನ ಬಂತು. ವೀರೇಶ ನನ್ನ ಫೋಟೋ ತೆಗೆದು ಮಾನ್ವಿಗೆಲ್ಲ ಹಂಚುತ್ತಿದ್ದ. ಮಾವನವರು ಮಗಳ ಜೊತೆ ಮಾತ್ರ ಮಾತಾಡುತ್ತಿದ್ದರು. ನಾನು ಒಂದು ಕಂಬದ ಮರೆಯಲ್ಲಿ ನಿಂತಿದ್ದಾಗ, ತಲೆಯ ಮೇಲೆ ಸೆರಗು ಹೊದ್ದ ಹೆಂಗಸೊಬ್ಬರು ಹುಡುಕಿಕೊಂಡು ಬಂದರು. ರೇಣುಕಾಳ ತಾಯಿ. ಮಗಳ ಚಿತ್ರ ನೋಡಲೆಂದೇ ಅರಕೇರಾದಿಂದ ಬಸ್ಸು ಬದಲಿಸಿ ಬದಲಿಸಿ ಬಂದಿದ್ದರು. ನನ್ನ ಎರಡೂ ಕೈ ಹಿಡಿದುಕೊಂಡರು. ಕಣ್ಣಲ್ಲಿ ನೀರಿತ್ತು.

“ಯಪ್ಪಾ, ನಿಮ್ಮಿಂದ ನನ್ನ ಮಗಳಿಗೆ ಇಷ್ಟು ದೊಡ್ಡ ಹೆಸರು ಬಂತು. ನಿಮಗ ಏನೂ ಬರಲಾರದ್ದು ಭಾಳ ಛಲೋ ಆತು ನೋಡ್ರಿ!”

ನನ್ನ ಪಾಠ ಕೇಳಿ ಯಾರಾದರೂ ಬಹುಮಾನ ತಂದದ್ದು ನನಗೆ ನೆನಪಿಲ್ಲ. “ಎಲ್ಲಾ ನಿಮ್ಮ ಆಶೀರ್ವಾದರಿ” ಎಂದು ಕೈಮುಗಿದೆ.