ರಾಣಿಯ ಕೆನ್ನೆ

ನಮ್ಮ ದೊಡ್ಡಮ್ಮನಿಗೆ ವಯಸ್ಸಾಗುವುದಕ್ಕೆ ಪುರುಸೊತ್ತಿಲ್ಲ! ಸುಳ್ಳಲ್ಲ. ಅರುವತ್ತು ದಾಟಿ ಎಷ್ಟೋ ಕಾಲವಾಯಿತೆಂದು ಆಧಾರ್ ಕಾರ್ಡ್ ಬೊಬ್ಬೆ ಹೊಡೆದರೂ ಅವಳು ಕಿವಿಗೆ ಹಾಕಿಕೊಳ್ಳುವುದಿಲ್ಲ. ಬೋವಿಕಾನದಿಂದ ಒಳಗೆ, ಜೀಪಿನ ದಾರಿ ಮುಗಿಯುವಲ್ಲಿ ಅವಳ ಮನೆ. ಬೆಳಿಗ್ಗೆ ಹೋದಿರೋ, ಜಗಲಿಯಲ್ಲಿ ಕಾಣುವುದು ದೊಡ್ಡಮ್ಮನಲ್ಲ, ಮುಖವಿಡೀ ಕೆಂಪು ಲೇಪ ಬಳಿದುಕೊಂಡು ಕಣ್ಣು ಮಾತ್ರ ಪಿಳಿಪಿಳಿ ಬಿಡುವ ಒಂದು ಆಕೃತಿ. ರಕ್ತಚಂದನ, ಕಸ್ತೂರಿ ಅರಿಶಿನ, ಹಾಲಿನ ಕೆನೆ, ಜೇನು, ಮೇಲಿನಿಂದ ದುಬೈಯ ಕೇಸರಿ! ಕುಂಬಳೆಯ ಅರಮನೆಯಲ್ಲಿ ರಾಣಿಗೆ ಮೀಯುವ ನೀರು ಕಾಯಿಸುತ್ತಿದ್ದ ಹೆಂಗಸಿನಿಂದ ಇವಳ ಮುತ್ತಜ್ಜಿಗೆ ಬಂದ ಗುಟ್ಟಂತೆ. ಆ ರಾಣಿ ಸಾಯುವ ದಿನವೂ ಹದಿನಾರರ ಹುಡುಗಿಯ ಹಾಗಿದ್ದಳಂತೆ.

"ನೀನು ನೋಡಿದ್ದೀಯಾ?" ಎಂದರೆ, "ಇಲ್ಲ ಅಂತ ಹೇಳ್ಲಿಕ್ಕೆ ನೀನು ನೋಡಿದ್ದೀಯಾ?" ಎಂದು ನನ್ನ ಬಾಯಿ ಮುಚ್ಚಿಸುತ್ತಾಳೆ.

ಊರು ನಗುತ್ತದೆ. ಈ ಪ್ರಾಯದಲ್ಲಿ ಯಾರಿಗೆ ತೋರಿಸಲು ಈ ಶೃಂಗಾರ? ಗಂಡ ಹೋಗಿ ಎಷ್ಟು ಕಾಲವಾಯಿತು! ನಾನೂ ನಗುತ್ತೇನೆ. ಆದರೆ ನನಗೆ ಕಾರಣ ಗೊತ್ತಿದೆ.

ಒಳಕೋಣೆಯಲ್ಲಿ ಅವಳ ಮಗಳು ಪುಟ್ಟಿ ಮಲಗಿದ್ದಾಳೆ. ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಕೀಟ ಕೊಲ್ಲುವ ಮದ್ದು ಬಿಡುತ್ತಿದ್ದ, ಊರಿನಲ್ಲಿ ಇಂಥ ಮಕ್ಕಳು ಹುಟ್ಟತೊಡಗಿದ ವರ್ಷಗಳಲ್ಲಿ ಹುಟ್ಟಿದವಳು. ನನಗಿಂತ ದೊಡ್ಡವಳು, ಆದರೂ ಪುಟ್ಟಿ. ಎದ್ದು ಕೂತವಳಲ್ಲ, ಮಾತಾಡಿದವಳಲ್ಲ, ಕಣ್ಣೂ ಕಾಣಿಸುವುದಿಲ್ಲ. ಅವಳಿಗೆ ಗೊತ್ತಿರುವುದು ಅಮ್ಮನ ಕೆನ್ನೆ ಒಂದೇ. ಊಟದ ಹೊತ್ತಿಗೆ ಅಮ್ಮ ಬಾಗಬೇಕು, ಅವಳು ಮುರುಟಿದ ಕೈಯ ಹಿಂಬದಿಯಿಂದ ಆ ಕೆನ್ನೆ ಸವರಿ ನೋಡಬೇಕು, ಆಮೇಲೆಯೇ ಬಾಯಿ ತೆರೆಯುವುದು. ಬೇರೆ ಯಾರು ಬಂದರೂ ಹಲ್ಲು ಕಚ್ಚಿ ಮುಖ ತಿರುಗಿಸುತ್ತಾಳೆ.

ಕೆಲವು ಮಳೆಗಾಲದ ಹಿಂದೆ ದೊಡ್ಡಮ್ಮನಿಗೆ ಡೆಂಗ್ಯು ಜ್ವರ ಬಂತು. ಜ್ವರದಲ್ಲೂ ತೆವಳಿ ಬಂದು ಉಣಿಸುತ್ತಿದ್ದಳು, ಜ್ವರ ಬಿಡುವಾಗ ಕೆನ್ನೆ ಒಣಗಿದ ಪುನರ್ಪುಳಿ ಸಿಪ್ಪೆಯಂತೆ ಸುಕ್ಕಾಗಿತ್ತು. ಪುಟ್ಟಿ ಸವರಿ ನೋಡಿದಳು. ಕೈ ಹಿಂದಕ್ಕೆ ಎಳೆದುಕೊಂಡಳು. ಅಂದು ಉಣ್ಣಲಿಲ್ಲ, ಮರುದಿನವೂ ಉಣ್ಣಲಿಲ್ಲ. ಕೊನೆಗೆ ಹಾಸಿಗೆ ಹಿಡಿದವರನ್ನು ನೋಡಿಕೊಳ್ಳುವ ಪಂಚಾಯತಿನ ಪಾಲಿಯೇಟಿವ್ ನರ್ಸ್ ಬಂದು ಮೂಗಿಗೆ ನಳಿಗೆ ಹಾಕಬೇಕಾಯಿತು. "ನನ್ನ ಮಗಳಿಗೆ ನನ್ನ ಗುರ್ತವೇ ಸಿಗ್ಲಿಲ್ಲ ಮಾರಾಯ್ತಿ," ಎಂದು ದೊಡ್ಡಮ್ಮ ಬಾವಿಕಟ್ಟೆಯಲ್ಲಿ ಕೂತು ಅತ್ತದ್ದನ್ನು ನಾನು ನೋಡಿದ್ದೇನೆ. ಕುಂಬಳೆಯ ರಾಣಿ ಆ ಮನೆಗೆ ಬಂದದ್ದು ಆಮೇಲೆ. ದೊಡ್ಡಮ್ಮನ ಮೈಗೆ ಒಂದಿಷ್ಟು ಮಾಂಸ ಬಂದದ್ದರಿಂದಲೋ ಕೇಸರಿಯಿಂದಲೋ, ಪುಟ್ಟಿ ಪುನಃ ಬಾಯಿ ತೆರೆದಳು. ಯಶಸ್ಸೆಲ್ಲ ರಾಣಿಗೇ ಹೋಯಿತು!

ರಾಣಿಯ ಕಟ್ಟುಪಾಡುಗಳು ಒಂದೆರಡಲ್ಲ. ಲೇಪ ಒಣಗುವಾಗ ಮಾತಾಡಬಾರದು. ಮಾತಾಡಿದರೆ ಬಿರಿಯುತ್ತದೆ, ಬಿರಿದಲ್ಲಿ ಗೆರೆ ಬೀಳುತ್ತದೆ. ಹೀಗಿರುವಾಗ ಪಂಚಾಯತ್ ಚುನಾವಣೆಗೆ ನಿಂತವರೊಬ್ಬರು ವೋಟು ಕೇಳಲು ಅಂಗಳಕ್ಕೆ ಬಂದರು. ಜಗಲಿಯ ಮಬ್ಬಿನಲ್ಲಿ ಕೆಂಪು ಮುಖ, ಮಾತಿಲ್ಲ, ಕತೆಯಿಲ್ಲ! ಮೈಮೇಲೆ ಯಾವುದೋ ದೈವ ಬಂದು ದರ್ಶನ ನಡೆಯುತ್ತಿದೆ ಎಂದುಕೊಂಡು ಪಾಪ, ಚಪ್ಪಲಿ ಕಳಚಿ ಕೈಮುಗಿದರು. 'ಸ್ವಲ್ಪ ನಿಲ್ಲಿ' ಎಂದು ದೊಡ್ಡಮ್ಮ ಕೈ ಎತ್ತಿದಳು. ಅಭಯ ಸಿಕ್ಕಿತೆಂದು ಅವರು ಹಿಂದಿಂದಕ್ಕೆ ನಡೆದೇ ಹೋದರು. ಗೆದ್ದರು ಕೂಡ! ಈಗ ಪ್ರತಿ ವಿಷುವಿಗೆ ಒಂದು ಬಾಳೆಗೊನೆ ತಪ್ಪದೆ ಬರುತ್ತದೆ. ದೊಡ್ಡಮ್ಮ ವೋಟು ಹಾಕಿದ್ದು ಮಾತ್ರ ಎದುರು ನಿಂತವನಿಗೆ.

ಎರಡನೆಯ ಕಟ್ಟುಪಾಡು, ನಗಬಾರದು. ನಕ್ಕರೆ ಸುಕ್ಕು. ಕುಂಬಳೆಯಲ್ಲಿ ಒಂದು ಮದುವೆಗೆ ನಾವಿಬ್ಬರೂ ಹೋಗಿದ್ದೆವು. ಎಲ್ಲರೂ ಹಲ್ಲು ಕಿರಿಯುವ ಜಾಗದಲ್ಲಿ ಇವಳದು ಕಗ್ಗಲ್ಲಿನ ಮುಖ. ಹುಡುಗಿಯ ಅಪ್ಪನಿಗೆ ಜೀವ ಬಾಯಿಗೆ ಬಂತು.

"ಎಂತ ಅಕ್ಕ, ಉಪಚಾರದಲ್ಲಿ ಎಂತಾದ್ರೂ ಕಮ್ಮಿ ಆಯ್ತಾ?"

"ಪಾಯಸ ಒಳ್ಳೆದುಂಟು," ಎಂದಳು ತುಟಿ ಅಲ್ಲಾಡಿಸದೆ. ಅವರು ಇನ್ನೂ ಹೆದರಿ ಪಾಯಸದ ಬಾಲ್ದಿಯನ್ನೇ ತರಿಸಿ ಪಕ್ಕದಲ್ಲಿ ಇಡಿಸಿದರು. ಕುಡಿದದ್ದು ನಾನು!

ಬಸ್ಸಿನಲ್ಲಿ ಬರುವಾಗ ಕೇಳಿದೆ, "ಒಂಚೂರು ನಗಬಹುದಿತ್ತಲ್ಲ ದೊಡ್ಡಮ್ಮ?" ಅವಳು ಗಡಿಯಾರ ನೋಡುತ್ತಿದ್ದಳು. "ಪುಟ್ಟಿಗೆ ಹಸಿವಾಗಿರ್ತದೆ," ಎಂದಳು ಅಷ್ಟೆ.

ಆದರೆ ಎಷ್ಟು ಕೇಸರಿ ಅರೆದರೆ ವರ್ಷಗಳು ನಿಲ್ಲುತ್ತವೆ? ಈಚೆಗೆ ಪುಟ್ಟಿಯ ಕೈ ಅಮ್ಮನ ಕೆನ್ನೆಯ ಮೇಲೆ ತುಂಬಾ ಹೊತ್ತು ಹುಡುಕತೊಡಗಿತ್ತು. ದೊಡ್ಡಮ್ಮನ ಮಂಡಿಯೂ ಸರಿಯಾಗಿ ಬಗ್ಗುತ್ತಿರಲಿಲ್ಲ. ಒಂದು ದಿನ ಚಂದನ ತೇಯುತ್ತಾ, "ನಾನು ಹೋದ್ರೆ ಇವಳು ಉಪವಾಸ ಬಿದ್ದು ಸಾಯ್ತಾಳೆ," ಎಂದಳು, ನಾಳೆ ಮಳೆ ಬರಬಹುದು ಎನ್ನುವ ಸ್ವರದಲ್ಲಿ.

ನಾನು ಅಡೂರಿನ ಕಡೆ ಶಾಲೆಯಲ್ಲಿ ಟೀಚರ್. ಭಾನುವಾರ ದೊಡ್ಡಮ್ಮನ ಮನೆಗೆ ಹೋಗುವುದು ರೂಢಿ. ಜಡಿಮಳೆಯ ಆಟಿ ತಿಂಗಳಿಂದ ದೊಡ್ಡಮ್ಮ ನನ್ನನ್ನೂ ಜಗಲಿಯಲ್ಲಿ ಕೂರಿಸಿ ಲೇಪ ಬಳಿಯತೊಡಗಿದಳು. ಮನೆಗೆಂದು ಒಂದು ಭರಣಿ ತುಂಬ ಕೊಟ್ಟೂ ಕಳಿಸಿದಳು.

"ನಂಗೆಂತಕ್ಕೆ ಇದು? ನಾನು ಯಾವ ಊರಿನ ರಾಣಿ?"

"ಮಾತಾಡ್ಬೇಡ, ಬಿರೀತದೆ."

ಬಿಸಿಲಿಗೆ ಕಪ್ಪಾದ ನನ್ನ ಮುಖ ಕಂಡು ಕನಿಕರಪಟ್ಟಿದ್ದಾಳೆ ಎಂದೇ ತಿಳಿದೆ. ಎಂಥ ಪೆದ್ದಿ ನಾನು!

ಕಳೆದ ಭಾನುವಾರ ನಾನು ಮುಖ ತೊಳೆದು ಬರುತ್ತಲೇ ದೊಡ್ಡಮ್ಮ ಗಂಜಿಯ ಬಟ್ಟಲನ್ನು ನನ್ನ ಕೈಗೆ ಕೊಟ್ಟಳು. ಒಳಕೋಣೆಗೆ ಕರೆದುಕೊಂಡು ಹೋಗಿ, ತಲೆ ಹಿಡಿದು ಬಗ್ಗಿಸಿ, ಪುಟ್ಟಿಯ ಕೈಯನ್ನು ನನ್ನ ಕೆನ್ನೆಗೆ ಮುಟ್ಟಿಸಿದಳು. ಆಮೇಲೆ ತಾನು ಬಾಗಿಲವರೆಗೆ ಹಿಂದೆ ಸರಿದು, ದಾರಂದ ಹಿಡಿದು ನಿಂತಳು.

ಆ ಕೈ ನನ್ನ ಕೆನ್ನೆಯ ಮೇಲೆ ಹೋಯಿತು, ಬಂತು. ನಿಂತಿತು. ಪುಟ್ಟಿ ಮೂಗು ಅರಳಿಸಿ ಕೇಸರಿಯ ಪರಿಮಳ ಎಳೆದುಕೊಂಡಳು. ಮತ್ತೆ ಸವರಿದಳು.

ಪುಟ್ಟಿ ಬಾಯಿ ತೆರೆದಳು.

ಮೊದಲ ಚಮಚ ಒಳಗೆ ಹೋಯಿತು. ಹಿಂದಿನಿಂದ ಎಂಥದೋ ಶಬ್ದ ಕೇಳಿ ತಿರುಗಿದೆ. ದೊಡ್ಡಮ್ಮ ನಗುತ್ತಿದ್ದಳು! ಕಣ್ಣಲ್ಲಿ ನೀರು ಧಾರಾಕಾರ, ಮುಖದ ತುಂಬ ಸುಕ್ಕು. ಇಷ್ಟು ವರ್ಷ ಒಳಗೆ ಕಟ್ಟಿಹಾಕಿದ್ದ ಸುಕ್ಕುಗಳೆಲ್ಲ ಒಟ್ಟಿಗೆ ಹೊರಗೆ ಬಂದಿದ್ದವು.

"ಅಬ್ಬ," ಎಂದು ಅಲ್ಲೇ ಹೊಸ್ತಿಲಲ್ಲಿ ಕುಸಿದು ಕೂತಳು. "ಇನ್ನು ನಂಗೆ ಮುದುಕಿ ಆಗ್ಲಿಕ್ಕೆ ಅಡ್ಡಿ ಇಲ್ಲ."

ಪುಟ್ಟಿ ಬಾಯಿ ತೆರೆದುಕೊಂಡು ಕಾಯುತ್ತಿದ್ದಳು. ನನಗೆ ಕಣ್ಣು ಮಂಜಾಗಿ ಚಮಚ ಎಲ್ಲಿದೆಯೆಂದೇ ಕಾಣಿಸಲಿಲ್ಲ.