ಫ್ರಿಜ್ ತಂದ ಮಹಾಕಾವ್ಯ

ತಾಳಿ, ಈಗಲೇ ಪುಟ ತಿರುಗಿಸಬೇಡಿ. ನಮ್ಮ ಕೊಟ್ಟೂರಿನಲ್ಲಿ ಒಬ್ಬ ಮಹಾಕವಿ ಇದ್ದಾರೆ, ಅವರು ಇದುವರೆಗೆ ಒಂದು ಸಾಲನ್ನೂ ಬರೆದಿಲ್ಲ. ಅವರು ನನ್ನ ಸೋದರಮಾವ, ಸರ್ಕಾರಿ ಕಚೇರಿಯ ಗುಮಾಸ್ತರು. ಅವರ ಕೃತಿ ಒಂದೇ: ಹರಪನಹಳ್ಳಿಯಿಂದ ಗೂಡ್ಸ್ ಆಟೋದಲ್ಲಿ ಫ್ರಿಜ್ ತಂದ ಕಥೆ. ಆ ಕಥೆಯಿಂದಲೇ ಅವರ ಜೀವದ ಗೆಳೆಯ ಮಾತು ಬಿಟ್ಟುಬಿಟ್ಟಿದ್ದರು.

ನಾನು ಓದಿದ್ದು ಬಿ.ಕಾಂ. ಮಹಾಕಾವ್ಯದ ಹುಚ್ಚು ಹಿಡಿಸಿದ್ದು ಮೊಬೈಲು. ಗ್ರೀಸಿನವರಾಗಲಿ, ಆಫ್ರಿಕಾದವರಾಗಲಿ, ನಮ್ಮವರೇ ಆಗಲಿ, ದೊಡ್ಡ ಕಥೆ ಹೇಳುವವರೆಲ್ಲ ಹೆಚ್ಚುಕಡಿಮೆ ಒಂದೇ ಥರದ ಚಾಳಿಯವರು ಎಂದು ಓದಿದಾಗ ನಾನು ಎದ್ದು ಕೂತೆ. ಅರೆ, ಇದೆಲ್ಲ ನಮ್ಮ ಮಾವನ ಚಾಳಿ!

ಕವಿ ಮೊದಲು ದೈವವನ್ನು ನೆನೆಯಬೇಕಂತೆ. ಮಾವ ಚಹಾವನ್ನು ಸಾಸರಿಗೆ ಸುರಿದು, ಮನೆದೇವರ ಮೈಲಾರದ ದಿಕ್ಕಿಗೆ ತಿರುಗಿ ಕಣ್ಣುಮುಚ್ಚಿ "ಏಳುಕೋಟಿಗೋ" ಅನ್ನದೆ ಬಾಯಿ ತೆರೆಯುವವರಲ್ಲ. ಕಥೆಯನ್ನು ನಡುವಿನಿಂದ ಶುರು ಮಾಡಬೇಕಂತೆ. ಮಾವನ ಮೊದಲ ಸಾಲೇ "ಆಟೋ ನಿಂತ್ ಬಿಡ್ತು ನೋಡ್ರಿ."

"ಯಾವ ಆಟೋ, ಯಾರ ಫ್ರಿಜ್ಜು ಅಂತ ಮೊದ್ಲು ಹೇಳ್ರಿ, ಪಾಪ ಅವ್ರಿಗೇನ್ ಗೊತ್ತು?" ಎಂದು ಅಡುಗೆಮನೆಯಿಂದ ಅತ್ತೆ.

"ಬರ್ತೈತಿ ತಡಿ. ಎಲ್ಲಾನು ಬರ್ತೈತಿ."

ಅವರ ಬಾಯಲ್ಲಿ ಫ್ರಿಜ್ ಬರೀ ಫ್ರಿಜ್ ಅಲ್ಲ. ಪ್ರತಿ ಸಲವೂ 'ಎರಡು ಬಾಗಿಲಿನ, ಆಕಾಶದ ಬಣ್ಣದ ಫ್ರಿಜ್ಜು.' ಡ್ರೈವರ್ ಯಾವಾಗಲೂ 'ಕೆಂಪು ಬಾಯಿಯ ಡ್ರೈವರ'. ಓಲೆ, ಹಾಳೆ ಇಲ್ಲದ ಹಾಡುಗಾರರು ಮುಂದಿನ ಸಾಲು ನೆನಪಾಗುವವರೆಗೆ ಹೀಗೆ ಕಟ್ಟಿಟ್ಟ ಮಾತುಗಳನ್ನು ಹೇಳುತ್ತಿದ್ದರಂತೆ ಎಂದು ನಾನು ಜಂಬದಿಂದ ವಿವರಿಸಿದೆ. ಮಾವ ತಲೆಯಾಡಿಸಿದರು. "ಖರೇ ಐತಿ. ನನಗೂ ಬಿಸ್ಕೀಟು ಅದ್ದಾಕ ಟೈಮ್ ಬೇಕಲ್ಲಪ."

ಇನ್ನು ವೀರರ ಪಟ್ಟಿ. ಅಂಗಡಿಯಲ್ಲಿ ಫ್ರಿಜ್ ಎತ್ತಿದವರು, ಎತ್ತಲು ಬಂದು ಬರೀ ಸಲಹೆ ಕೊಟ್ಟವರು, ಅವರ ಊರು, ಅವರ ಬೀಗರು. ಒಮ್ಮೆ ಕರೆಂಟ್ ಬಿಲ್ ಕೊಡಲು ಬಂದವರು ಈ ಪಟ್ಟಿಯಲ್ಲಿ ಸಿಕ್ಕಿಬಿದ್ದು, ಬಿಲ್ ಕೊಡುವುದನ್ನೇ ಮರೆತು ಹೋದರು. ಅತ್ತೆ ಈ ಕಾವ್ಯವನ್ನು ಮೆಚ್ಚಿದ್ದು ಅದೊಂದೇ ದಿನ.

ಕಾವ್ಯ ಕೆಟ್ಟದ್ದು ದೇವರು ಬಂದಮೇಲೆ. ದಾರಿಯಲ್ಲಿ ಆಟೋದ ಆಕ್ಸಿಲರೇಟರ್ ವೈರ್ ಕಟ್ಟಾಗಿತ್ತು. ಅದು ಹೇಗೆ ಸರಿಯಾಯಿತು ಎಂದು ಜನ ಕೇಳಿದಾಗಲೆಲ್ಲ ಮಾವ ಕೆಮ್ಮುತ್ತಿದ್ದರು. ಕೊನೆಗೊಂದು ದಿನ ಕಥೆಯೊಳಗೆ, ಮೈಲಾರದ ದೇವರೇ ಬಂದಂತೆ, ಕಂಬಳಿ ಹೊದ್ದ ಗೊರವಯ್ಯನೊಬ್ಬ ಪ್ರತ್ಯಕ್ಷನಾಗಿ, ದಾರ ಕೊಟ್ಟು, ಮಾಯವಾದ. ಕೇಳಿದವರು ಕೈಮುಗಿದರು. ಆದರೆ ಅವತ್ತು ಆಟೋದಲ್ಲಿ ಜೊತೆಗಿದ್ದು ಅದನ್ನು ಸರಿಮಾಡಿದವರು ಮಾವನ ಗೆಳೆಯ, ಮೆಕ್ಯಾನಿಕ್ ಚಾಚಾ. ಅವರ ಗ್ಯಾರೇಜು ಮಾವ ಚಹಾ ಕುಡಿಯುವ ಹೋಟೆಲಿನ ಎದುರಿಗೇ ಇದೆ. ಗೊರವಯ್ಯನ ಸುದ್ದಿ ಕಿವಿಗೆ ಬಿದ್ದಮೇಲೆ ಚಾಚಾ ರಸ್ತೆ ದಾಟಿ ಬರುವುದನ್ನೇ ಬಿಟ್ಟರು. ಮಾವ ಎರಡು ಚಹಾ ಹೇಳುವರು, ಒಂದು ಆರಿಹೋಗುವುದು.

ಹೋದ ಭಾನುವಾರ ಮಾವ ಕಚೇರಿಗೆ ಹೊಸದಾಗಿ ಬಂದವರೊಬ್ಬರಿಗೆ ಹೋಟೆಲಿನಲ್ಲಿ ಕಥೆ ಹೇಳುತ್ತಿದ್ದರು. ಗೊರವಯ್ಯ ಇನ್ನೇನು ಕಂಬಳಿ ಕೊಡವಬೇಕು, ಅಷ್ಟರಲ್ಲಿ ಚಾಚಾ ನಟ್ಟು ತಿರುಗಿಸುವ ಪಾನಾ ಹಿಡಿದೇ ಒಳಗೆ ಬಂದರು.

"ನಿಲ್ಲಸಲೇ. ಆ ಗೊರವಯ್ಯ ಯಾವ ಗ್ಯಾರೇಜಿನಾಗ ಕೆಲಸ ಕಲ್ತಿದ್ದ?"

ಮಾವ ಎದ್ದು ಚಾಚಾನನ್ನು ಮೂಲೆಗೆ ಎಳೆದರು. ನಾನು ಪಕ್ಕದಲ್ಲೇ ಇದ್ದೆ, ಪಿಸುಮಾತು ಕೇಳಿಸಿತು.

"ನಿನ್ನ ಪೈಜಾಮದ ಲಾಡಿ ಬಿಚ್ಚಿ ಎಂಜಿನ್ನಿಗೆ ಕಟ್ಟಿದಿ ಅಂತ ಮಂದಿ ಮುಂದ ಹ್ಯಾಂಗ ಹೇಳ್ಲೋ? ನಿನ್ನ ಮಗಳು ಇದೇ ಊರಾಗ ಟೀಚರ್ ಆಗ್ಯಾಳ. ಸಾಲಿ ಹುಡುಗ್ರ ಬಾಯಿಗೆ ಬಿದ್ರ ಬಿಡ್ತಾರೇನು?"

ಚಾಚಾ ಮಾವನನ್ನೇ ನೋಡಿದರು. "ಅದಕ್ಕ ದೇವ್ರನ್ನ ಕರ್ಕೊಂಬಂದಿಯೇನು?"

"ಮತ್ತ ಯಾರನ್ನ ಕರೀಲಿ?"

ಚಾಚಾ ಪಾನಾವನ್ನು ಮೇಜಿನ ಮೇಲಿಟ್ಟು ಕುರ್ಚಿ ಎಳೆದುಕೊಂಡರು. ಎಲ್ಲರಿಗೂ ಕೇಳುವಂತೆ ಒಂದೇ ಉಸಿರಿಗೆ ಹೇಳಿ ಮುಗಿಸಿದರು: "ವೈರ್ ಹೋತು, ಲಾಡಿ ಕಟ್ಟಿದೆ, ಹಿಂದ ಕುಂತು ಎಳಕೋಂತ ಬಂದೆ."

ಮಾವನಿಗೆ ತಡೆಯಲಾಗಲಿಲ್ಲ. "ಹಿಂಗ ಹೇಳ್ತಾರೇನೋ ಕಥಿ?"

ಹೋಟೆಲೆಲ್ಲ ನಕ್ಕಿತು. ಚಾಚಾ ಮಾತ್ರ ನಗಲಿಲ್ಲ. ನನ್ನ ಕಡೆ ತಿರುಗಿದರು.

"ಲಾಡಿ ಎಳಿಯಾಕ ನನ್ನವು ಎರಡೂ ಕೈ ಬೇಕಿದ್ವು ತಮ್ಮಾ. ದಾರಿಗುಂಟ ನನ್ನ ಪೈಜಾಮ ಜಾರದಂಗ ಮುಷ್ಟಿ ಬಿಗಿ ಹಿಡಕೊಂಡು ಕುಂತಾವ ಇವ. ಹೊಸ ಫ್ರಿಜ್ಜು ಆ ಕಡಿ ಈ ಕಡಿ ಬಡಕೊಳ್ಳಾಕತ್ತಿತ್ತು, ತಿರುಗಿ ಸೈತ ನೋಡ್ಲಿಲ್ಲ. ಇಷ್ಟುದ್ದ ಕಥಿ ಹೇಳ್ತಾನ, ಅದನ್ನ ಒಂದ್ ದಿನಾನೂ ಹೇಳ್ಯಾನೇನ್ ಕೇಳು."

ಹೇಳಿರಲಿಲ್ಲ. ಮಾವ ಸಾಸರಿನೊಳಗೇ ನೋಡುತ್ತಾ ಕೂತಿದ್ದರು. ಚಾಚಾ ಮಾವನ ಎದುರಿದ್ದ ಇನ್ನೊಂದು ಚಹಾ ಎತ್ತಿಕೊಂಡು ಕುಡಿದರು.

ನಿಮ್ಮ ಮನೆಯಲ್ಲೂ ಇಂಥದೊಂದು ಕಥೆ ಇರುತ್ತದೆ, ಅದರಲ್ಲೂ ಸರಿಯಾದ ಹೊತ್ತಿಗೆ ಒಬ್ಬ ದೇವರು ಬಂದೇ ಬಂದಿರುತ್ತಾನೆ. ಆ ಜಾಗದಲ್ಲಿ ನಿಜವಾಗಿ ಇದ್ದವರು ಯಾರು ಎಂದು ಒಮ್ಮೆ ಹಿರಿಯರನ್ನು ಕೇಳಿ, ನನಗೂ ಬರೆದು ತಿಳಿಸಿ.