ವಿಮಾನಕ್ಕೆ ಮೂಗುದಾರ

ಕೆಲವರ ಮನೆಗೆ ಹಾವುಗಳು ಹುಡುಕಿಕೊಂಡು ಬರುತ್ತವಂತೆ. ಹರಿಹರದ ನನ್ನ ವೆಲ್ಡಿಂಗ್ ಅಂಗಡಿಗೆ, ಬೇರೆ ಯಾರೂ ಒಪ್ಪದ ಕೆಲಸಗಳು ಹಾಗೇ ಬರುತ್ತವೆ. ಗೇಟು, ಗ್ರಿಲ್ಲು, ಟ್ರೇಲರ್ ಮಾಡಿಕೊಂಡು ನೆಮ್ಮದಿಯಾಗಿ ಇರೋಣ ಅಂದುಕೊಂಡ ದಿನವೇ ಯಾರಾದರೂ ಬಾಗಿಲಲ್ಲಿ ನಿಂತಿರುತ್ತಾರೆ. ಈ ಸಲ ನಿಂತವರು ವಿಮಾನದವರು.

ರಿವರ್ಸ್ ಇಲ್ಲದ ಗಾಡಿ

ಅವರು ಹದಡಿ ಕಡೆ ಹೊಲ ಮಾಡಿಕೊಂಡಿರುವ ಸಾಹೇಬರು. ಜೀವಮಾನವೆಲ್ಲ ವಿಮಾನ ಹಾರಿಸಿ ನಿವೃತ್ತರಾದವರು. ಬೇರೆಯವರು ರಿಟೈರ್ ಆದರೆ ಒಂದು ಹಸು ಕಟ್ಟುತ್ತಾರೆ. ಇವರು ಎರಡು ಸೀಟಿನ ಹಳೇ ವಿಮಾನ ತಂದು ತಗಡಿನ ಶೆಡ್ಡಿನಲ್ಲಿ ಕಟ್ಟಿದ್ದರು.

"ಮೇಸ್ತ್ರಿ, ವಿಮಾನ ಎಳಿಯಾಕೆ ಒಂದು ಮೋಟಾರ್ ಗಾಡಿ ಮಾಡಿಕೊಡ್ರಿ" ಅಂದರು.

"ಅದಕ್ಕೇ ಎಂಜಿನ್ ಐತಲ್ರಿ ಸಾಹೇಬ್ರ, ಎಳಿಯೋದು ಯಾಕ?"

"ಶೆಡ್ಡೊಳಗೆ ಎಂಜಿನ್ ಚಾಲೂ ಮಾಡಿದ್ರೆ ಹಾರೋದು ತಗಡು, ವಿಮಾನ ಅಲ್ಲ. ಹೊರಗೆ ಎಳಕೊಂಡೇ ಬರಬೇಕು. ನಾಲ್ಕು ಆಳು ಬೇಕು. ನಾಟಿ ಟೈಮಿನಾಗೆ ಯಾರು ಬರ್ತಾರೆ?"

ಅಷ್ಟೇ ಆಗಿದ್ದರೆ ನಾನು ಹೇಗೋ ತಪ್ಪಿಸಿಕೊಳ್ಳುತ್ತಿದ್ದೆ. ಆದರೆ ಸಾಹೇಬರ ದನಿ ಇಳಿಯಿತು. "ನಮ್ಮ ಮನೆಯವರು ಖಡಕ್ ಆಗಿ ಹೇಳ್ಯಾರೆ. ನೀವೊಬ್ರೇ ಹೊರಗೆ ತರೋದಾದ್ರೆ ಇಟ್ಕೊಳ್ರಿ, ಇಲ್ಲಾಂದ್ರೆ ಮಾರಿಬಿಡ್ರಿ ಅಂತ."

ಅವರ ಮುಖ ನೋಡಿ ಒಪ್ಪಿಬಿಟ್ಟೆ. ಒಪ್ಪಿದ ಮೇಲೆ ಕೇಳಿದೆ, "ಹೊರಗೆ ಎಳದ್ವಿ ಅನ್ರಿ. ಒಳಗೆ ಹೋಗುವಾಗ ಅದೇ ರಿವರ್ಸ್ ಹೊಡಕೊಂಡು ಹೋಗ್ತೈತಲ್ಲ?"

"ವಿಮಾನಕ್ಕೆ ರಿವರ್ಸ್ ಗೇರ್ ಇರಲ್ಲ ಮೇಸ್ತ್ರಿ."

ಅಷ್ಟು ದೊಡ್ಡ ಯಂತ್ರಕ್ಕೆ ರಿವರ್ಸ್ ಇಲ್ಲ! ಹೊರಗೆ ನಿಂತು ಇದನ್ನೆಲ್ಲ ಕೇಳುತ್ತಿದ್ದ ಆಟೋದವನು ತನ್ನ ಆಟೋ ಬೆನ್ನು ಸವರಿ, "ನೀನೇ ವಾಸಿ ಬಿಡವ್ವ" ಅಂದ.

ಸೇಮ್ ಬರ್ತೈತೆ

ಮೋಟಾರು ಹುಡುಕಲು ದಾವಣಗೆರೆಯ ಗುಜರಿ ಅಂಗಡಿಗಳನ್ನೆಲ್ಲ ಅಲೆದೆ. ಯಾವ ಗಾಡಿಗೆ ಅಂತ ಎಲ್ಲರೂ ಕೇಳುವವರೇ. ವಿಮಾನಕ್ಕೆ ಅಂದರೆ ಒಬ್ಬ ನಕ್ಕ, ಇನ್ನೊಬ್ಬ ಬೈದ, ಮತ್ತೊಬ್ಬ ನನ್ನ ಬಾಯಿ ಹತ್ತಿರ ಮೂಗು ತಂದು ಮೂಸಿ ನೋಡಿದ. ಬಿಸಿಲಿಗೆ ತಲೆ ಸುತ್ತುತ್ತಿತ್ತು. ಸೋತು ಕೊನೆಯ ಅಂಗಡಿಗೆ ಹೋದೆ. ಅಲ್ಲಿದ್ದ ಮುದುಕ ಚಾಚಾ ಬೀಡಿ ಕೂಡ ಬಾಯಿಂದ ತೆಗೆಯಲಿಲ್ಲ.

"ವಿಮಾನದ್ದು ನಿನ್ನೇನೆ ಖಾಲಿ ಆತು ಸಾಬ್. ಇದು ಬ್ಯಾಟ್ರಿ ಆಟೋದ್ದು. ಹಾಕ್ಕೊಳ್ರಿ, ಸೇಮ್ ಬರ್ತೈತೆ."

ಭಾಮೈದನಿಗೆ ಕೆಲಸ

ಗಾಡಿ ತಯಾರಾಯಿತು. ಎರಡು ಚಕ್ರ, ನಡುವೆ ಆ ಮೋಟಾರು ಮತ್ತು ಬ್ಯಾಟರಿ, ಹಿಡಿಯಲು ಉದ್ದನೆಯ ಹಿಡಿಕೆ. ತುದಿಯಲ್ಲಿ, ವಿಮಾನದ ಮೂತಿ ಕೆಳಗಿನ ಚಕ್ರ ಕಚ್ಚಿ ಹಿಡಿಯಲು ಇಕ್ಕಳದಂಥ ಕಬ್ಬಿಣದ ಕವಡು. ಹದಡಿಗೆ ಒಯ್ದು ಸಿಕ್ಕಿಸಿ ಗುಂಡಿ ಒತ್ತಿದೆ. ಗಾಡಿಯ ಚಕ್ರ ಗರಗರ ತಿರುಗಿ ಮಣ್ಣಿನಲ್ಲಿ ಬಾವಿ ತೋಡತೊಡಗಿತು. ವಿಮಾನ ಕೂತಲ್ಲೇ ಕೂತಿತ್ತು.

ನಾನು ತಲೆ ಹಿಡಿದುಕೊಂಡೆ. ಸಾಹೇಬರು ಸುತ್ತು ಹಾಕಿ ನೋಡಿ, "ಗಾಡಿ ಹಗುರ ಆತು. ಮ್ಯಾಲೆ ಭಾರ ಬೇಕು" ಅಂದರು. ಹಾಗೆ ಹೇಳುತ್ತಲೇ ಅವರ ಕಣ್ಣು ನನ್ನ ಹೆಂಡತಿಯ ತಮ್ಮನ ಮೇಲೆ ನಿಂತಿತು. ವಿಮಾನ ನೋಡಬೇಕು ಅಂತ ನನ್ನ ಜೊತೆ ಬಂದಿದ್ದ. ಮೈಕಟ್ಟಿನಲ್ಲಿ ಅಕ್ಕಿ ಗೋದಾಮು.

ಅವನನ್ನು ಮೋಟಾರಿನ ಮೇಲೆ ಹಲಗೆ ಹಾಕಿ ಕೂರಿಸಿದೆವು. ಗುಂಡಿ ಒತ್ತಿದೊಡನೆ ವಿಮಾನ ಸಾಧು ಎತ್ತಿನಂತೆ ಹಿಂದೆ ಹಿಂದೆ ಬಂತು. ಸಾಹೇಬರ ಕಣ್ಣಲ್ಲಿ ನೀರು. ನನ್ನ ಕಣ್ಣಲ್ಲೂ ನೀರು, ಆದರೆ ಬೇರೆ ಕಾರಣಕ್ಕೆ: ಸಾಹೇಬರು ಒಬ್ಬರೇ ಎಳೆಯಲಿ ಅಂತ ಮಾಡಿದ ಗಾಡಿಗೆ ಈಗ ಇನ್ನೊಬ್ಬ ಬೇಕು.

ಮನೆಗೆ ಬಂದು ಹೆಂಡತಿಗೆ ಹೇಳಿದರೆ ಅವಳು ನೇರ ದೇವರ ಮುಂದೆ ಹೋಗಿ ಕೈಮುಗಿದಳು. "ನನ್ನ ತಮ್ಮಗೆ ಕುಂತು ಮಾಡೋ ಕೆಲಸ ಸಿಗಲಿ ಅಂತ ಹರಕೆ ಹೊತ್ತಿದ್ದೆ. ಕೊನಿಗೂ ಕಣ್ಬಿಟ್ಟ ನೋಡ್ರಿ."

ಯಾರ ಮುಂದೆ?

ಮರುವಾರ ಸಾಹೇಬರೇ ಗಾಡಿ ನಡೆಸುವುದು, ಅವರ ಮನೆಯ ಅಮ್ಮಾವರು ನೋಡುವುದು ಅಂತ ಆಯಿತು. ಮೋಟಾರಿನ ಮೇಲೆ ಭಾಮೈದ ಕೂರುವುದು; ಅವನು ಆಳಲ್ಲ, ಭಾರ ಅಂತ ಸಾಹೇಬರು ಲೆಕ್ಕ ಹಾಕಿದ್ದರು. ವಿಮಾನ ಉಳಿಯುವುದೋ ಮಾರುವುದೋ ಅಂದೇ ತೀರ್ಮಾನ. ನಾನು ಗುಂಡಿಗಳ ಮೇಲೆ ಬಣ್ಣದಲ್ಲಿ 'ಮುಂದೆ', 'ಹಿಂದೆ' ಅಂತ ಅಂದವಾಗಿ ಬರೆದುಕೊಟ್ಟೆ.

ಗಾಡಿ ಹಿಡಿದವನು ವಿಮಾನಕ್ಕೆ ಎದುರಾಗಿ ನಿಲ್ಲಬೇಕು. ನಾನು 'ಮುಂದೆ' ಅಂತ ಬರೆದದ್ದು ಹಾಗೆ ನಿಂತವನ ಮುಂದೆ. ಸಾಹೇಬರು ತಿಳಿದದ್ದು ವಿಮಾನದ ಮುಂದೆ. ಒತ್ತಿದರು. ವಿಮಾನ ಹೊರಗೆ ಬರುವ ಬದಲು ಬಾಲ ಮುಂದು ಮಾಡಿಕೊಂಡು ಒಳಕ್ಕೆ ಹೊರಟಿತು.

"ಹಿಂದೆ! ಹಿಂದೆ!" ಅಂತ ನಾನು ಕೂಗಿದೆ.

"ಹಿಂದಕ್ಕೇ ಹೊಂಟೈತಲ್ರಿ!" ಅಂತ ಸಾಹೇಬರು ಕೂಗಿ, ಮತ್ತೆ 'ಮುಂದೆ' ಅನ್ನೇ ಗಟ್ಟಿಯಾಗಿ ಒತ್ತಿದರು.

ಧಡಾರ್ ಅಂತ ಹಿಂದಿನ ತಗಡು ಹರಿದು ವಿಮಾನದ ಬಾಲ ಪಕ್ಕದ ದನದ ಕೊಟ್ಟಿಗೆಗೆ ನುಗ್ಗಿತು. ಎಮ್ಮೆ ಹಗ್ಗ ಕಿತ್ತುಕೊಂಡು ಓಡಿತು. ಬಾಲದ ಪಟ್ಟಿ ಸೊಟ್ಟಗಾಗಿತ್ತು. ಸಾಹೇಬರು ಅದನ್ನು ಹಿಡಿದುಕೊಂಡು, ಮಗುವಿನ ಮುರಿದ ಕೈ ಹಿಡಿದವರಂತೆ ನಿಂತುಬಿಟ್ಟರು. ನನಗೆ ಅಲ್ಲೇ ಭೂಮಿ ಬಾಯ್ಬಿಡಬಾರದೇ ಅನ್ನಿಸಿತು.

ಅಮ್ಮಾವರು ಕೊಟ್ಟಿಗೆ ಕಡೆಯಿಂದ ಬಗ್ಗಿ ನೋಡಿ ಹೇಳಿದರು, "ನೀವೊಬ್ರೇ ಹೊರಗೆ ತಂದ್ರಿ, ಒಪ್ಪಿದೆ. ಮುಂದಿನ ಸಲ ಬಾಗಿಲಿಂದ ತರ್ರಿ."

ಲೈಸೆನ್ಸ್

ಹಾಗಾಗಿ ವಿಮಾನ ಉಳಿಯಿತು. ಬಾಲ ರಿಪೇರಿ ಆಗಿ, ಪರೀಕ್ಷೆ ಮಾಡುವವರು ಬಂದು ಒಪ್ಪುವವರೆಗೆ ಹಾರಿಸುವಂತಿರಲಿಲ್ಲ. ಹಾರದಿದ್ದರೂ ಎಳೆಯಬಹುದಲ್ಲ ಅಂತ ಮೊದಲು ಹೊಳೆದದ್ದು ಅಮ್ಮಾವರಿಗೆ.

"ಹರಿಹರದಾಗೆ ನಮ್ಮಣ್ಣನ ಮಗನ ಮದ್ವಿ. ಮದುಮಗನ ಮೆರವಣಿಗಿ ವಿಮಾನದಾಗೆ ಅಂತ ಮಾತು ಕೊಟ್ಟೀನಿ. ಆಗಲ್ಲಾಂದ್ರೆ ಹೇಳ್ರಿ, ಮಾರೋಣ."

ಸಾಹೇಬರು ನನ್ನ ಮುಖ ನೋಡಿದರು. ನಾನು ನೆಲ ನೋಡಿದೆ.

ಬೀದಿ ಅಗಲ ಸಾಲದು ಅಂತ ರೆಕ್ಕೆ ಬಿಚ್ಚಿದೆವು. ಬಿಚ್ಚುವಷ್ಟು ಹೊತ್ತೂ ಸಾಹೇಬರು ಆ ಕಡೆ ಮುಖ ತಿರುಗಿಸಿ ನಿಂತಿದ್ದರು. ಲಾರಿ ಮೇಲೆ ಹರಿಹರಕ್ಕೆ ತಂದು ಇಳಿಸಿ, ಗಾಡಿ ಸಿಕ್ಕಿಸಿ, ಭಾಮೈದನನ್ನು ಕೂರಿಸಿದೆವು. ವಿಮಾನಕ್ಕೆ ಚೆಂಡು ಹೂವಿನ ಹಾರ. ಮುಂದೆ ಬ್ಯಾಂಡು. ಒಂದು ಸೀಟಿನಲ್ಲಿ ಮದುಮಗ, ಇನ್ನೊಂದರಲ್ಲಿ ಹಳೇ ಯೂನಿಫಾರ್ಮ್ ಇಸ್ತ್ರಿ ಮಾಡಿ ಹಾಕಿಕೊಂಡ ಸಾಹೇಬರು. ಅಷ್ಟಾದರೂ ಮಾನ ಉಳಿಯಲಿ ಅಂತ.

ಅಷ್ಟರಲ್ಲಿ ಮದುಮಗಳು ಬಂದು ವಿಮಾನದ ಪಕ್ಕ ನಿಂತಳು. "ಅಂಕಲ್, ನಾನೆಲ್ಲಿ ಕೂಡ್ಲಿ?"

ಸಾಹೇಬರು ಇಳಿದರು. ತಮ್ಮ ವಿಮಾನದ ಮುಂದೆ ತಾವೇ ಗಾಡಿಯ ಹಿಡಿಕೆ ಹಿಡಿದು ನಡೆದರು. ಜನ ಫೋಟೋ ತೆಗೆಯುತ್ತಿದ್ದರು. ಅವರ ಪಕ್ಕ ನಡೆಯುತ್ತಿದ್ದ ನನಗೆ ಅಳು ಬರುವಂತಾಗಿತ್ತು.

ಸರ್ಕಲ್‌ನಲ್ಲಿ ಟ್ರಾಫಿಕ್ ಪೊಲೀಸ್ ಒಬ್ಬರು ಕೈ ಅಡ್ಡ ಹಿಡಿದರು. "ನಿಲ್ಸ್ರಿ. ಏನ್ರಿ ಇದು?"

"ವಿಮಾನ" ಅಂದರು ಸಾಹೇಬರು.

"ಲೈಸೆನ್ಸ್ ಐತೇನ್ರಿ?"

ಅಂದು ಮೊದಲ ಬಾರಿಗೆ ಸಾಹೇಬರ ಮುಖ ಅರಳಿತು. ಬೆನ್ನು ನೆಟ್ಟಗಾಯಿತು. ಇಷ್ಟು ವರ್ಷದಲ್ಲಿ ನಮ್ಮ ಕಡೆ ಒಬ್ಬನೇ ಒಬ್ಬನೂ ಅವರನ್ನು ಈ ಪ್ರಶ್ನೆ ಕೇಳಿರಲಿಲ್ಲ. ಜೇಬಿನಿಂದ ತಮ್ಮ ಪೈಲಟ್ ಲೈಸೆನ್ಸ್ ತೆಗೆದು ಎರಡೂ ಕೈಯಲ್ಲಿ ಕೊಟ್ಟರು.

ಪೊಲೀಸಿನವರು ಅದನ್ನು ಹಿಂದೆ ಮುಂದೆ ತಿರುಗಿಸಿ ಓದಿ, ವಾಪಸ್ ಕೊಟ್ಟರು.

"ಸಾಹೇಬ್ರ, ಇದು ಹಾರ್ಸಾಕೆ. ಎಳಿಯಾಕೆ ಐತೇನು?"